ಹೊಸ ಗಾರ್ಡ್‌ನ ತೂಕ ನೋಡುವ ಬಗೆ

ಬ್ಯಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳು. ಚೆಂಡನ್ನು ಡ್ರಿಬಲ್ ಮಾಡುತ್ತ ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವವನು ಪಾಯಿಂಟ್ ಗಾರ್ಡ್. ದೂರದಿಂದ ಬುಟ್ಟಿಗೆ ಗುರಿಯಿಡುವ ಹೊಣೆ ಹೆಚ್ಚಾಗಿ ಶೂಟಿಂಗ್ ಗಾರ್ಡ್‌ನದು. ಅಂತರರಾಷ್ಟ್ರೀಯ ನಿಯಮದಂತೆ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಚೆಂಡು ಕೈಗೆ ಬಂದ 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಗೆ ಹೊಡೆಯಬೇಕು. ಈ 24 ಸೆಕೆಂಡುಗಳ ಲೆಕ್ಕಾಚಾರ ಬಹುಪಾಲು ನಡೆಯುವುದು ಗಾರ್ಡ್‌ನ ತಲೆಯೊಳಗೆ. ಹೀಗಾಗಿ ತಂಡದ ಎಲ್ಲರಿಗಿಂತ ಹೊಸ ಗಾರ್ಡ್‌ನ ಶಕ್ತಿಯನ್ನು ಅಂದಾಜು ಮಾಡುವುದೇ ಕಷ್ಟ. ಎತ್ತರದ ಸೆಂಟರ್ ಆಟಗಾರ ಗಟ್ಟಿಗನೋ ಅಲ್ಲವೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು, ಅಂದರೆ ರೀಬೌಂಡನ್ನು, ಹಿಡಿದನೇ, ಎದುರಾಳಿಯ ಹೊಡೆತ ತಡೆದನೇ ಎಂದು ನೋಡಿದರಾಯಿತು. ಗಾರ್ಡ್ ಕೊಡದೆ ಉಳಿಸಿಕೊಂಡ ಅಪಾಯದ ಪಾಸ್, ಹೊಡೆಯದೆ ಬಿಟ್ಟ ಕೆಟ್ಟ ಶಾಟ್ ಯಾವ ಸ್ಕೋರ್‌ಶೀಟಿನಲ್ಲೂ ದಾಖಲಾಗುವುದಿಲ್ಲ.

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಮೊದಲ ಋತು ಆಡುವವನಿಗೆ ರೂಕಿ ಎನ್ನುತ್ತಾರೆ. ಅಲ್ಲಿ ಒಂದು ಋತುವಿಗೆ 82 ಪಂದ್ಯ, ಪ್ರತಿ ಪಂದ್ಯಕ್ಕೂ ಹತ್ತಾರು ಕ್ಯಾಮೆರಾ, ಪ್ರತಿ ಹೊಡೆತಕ್ಕೂ ಲೆಕ್ಕ. ಕೋಲಾರ ಜಿಲ್ಲೆಯ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಆಡುವ ಹುಡುಗನಿಗೆ ಆ ಭಾಗ್ಯವಿಲ್ಲ. ಅವನ ದಾರಿ ಶಾಲಾ ಕ್ರೀಡಾಕೂಟದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಗಳ ಮೆಟ್ಟಿಲು. ಅದಾದ ಮೇಲೆ ಬೆಂಗಳೂರಿನ ಒಂದು ಕ್ಲಬ್, ಕ್ರೀಡಾ ವಸತಿನಿಲಯ, ಅದೃಷ್ಟವಿದ್ದರೆ ರೈಲ್ವೆ, ಸೇನೆ, ಬ್ಯಾಂಕುಗಳಂಥ ಇಲಾಖಾ ತಂಡದಲ್ಲಿ ಕ್ರೀಡಾ ಕೋಟಾದ ನೌಕರಿ. ನಮ್ಮಲ್ಲಿ ರೂಕಿ ವರ್ಷವೆಂದರೆ ಹೆಚ್ಚು ಕಡಿಮೆ ಆ ಕ್ಲಬ್ಬಿನ ಅಥವಾ ಇಲಾಖಾ ತಂಡದ ಮೊದಲ ವರ್ಷವೇ. ಎರಡೂ ಕಡೆಯ ಸೌಲಭ್ಯಕ್ಕೆ ಅಜಗಜಾಂತರ. ಅಂದಾಜು ತಪ್ಪುವ ಬಗೆ ಮಾತ್ರ ಎರಡೂ ಕಡೆ ಒಂದೇ. ಅಮೆರಿಕದಲ್ಲಿ ತಪ್ಪಿದ ಅಂದಾಜುಗಳಿಗೆ ದಾಖಲೆ ಇರುವುದರಿಂದ ಪಾಠ ಅಲ್ಲಿಂದಲೇ ಶುರು ಮಾಡುವುದು ಅನುಕೂಲ.

ಅಂಕಗಳ ಮೋಸ

2013ರ ಅಕ್ಟೋಬರ್ 30ರಂದು ಫಿಲಡೆಲ್ಫಿಯ ತಂಡದ ಮೈಕೆಲ್ ಕಾರ್ಟರ್-ವಿಲಿಯಮ್ಸ್ ತಮ್ಮ ಮೊದಲ ಎನ್‌ಬಿಎ ಪಂದ್ಯ ಆಡಿದರು. ಎದುರಿಗಿದ್ದದ್ದು ಹಾಲಿ ಚಾಂಪಿಯನ್ ಮಯಾಮಿ. ಹೊಸಬ ಗಾರ್ಡ್ 22 ಅಂಕ, 12 ಅಸಿಸ್ಟ್ (ಸಂಗಾತಿಯ ಅಂಕಕ್ಕೆ ದಾರಿಯಾದ ಪಾಸ್), 7 ರೀಬೌಂಡ್ ಗಳಿಸಿ, 9 ಬಾರಿ ಚೆಂಡು ಕಸಿದು ತಂಡವನ್ನು ಗೆಲ್ಲಿಸಿದರು. ಋತುವಿನ ಕೊನೆಗೆ ಅವರ ಸರಾಸರಿ 16.7 ಅಂಕ, 6.3 ಅಸಿಸ್ಟ್, 6.2 ರೀಬೌಂಡ್. ವರ್ಷದ ಅತ್ಯುತ್ತಮ ರೂಕಿ ಪ್ರಶಸ್ತಿ ಸಹಜವಾಗಿಯೇ ಅವರದಾಯಿತು. ಆದರೆ 2015ರ ಫೆಬ್ರುವರಿಯಲ್ಲಿ, ಎರಡನೇ ಋತು ಮುಗಿಯುವ ಮೊದಲೇ, ಅದೇ ತಂಡ ಅವರನ್ನು ಬೇರೆ ತಂಡಕ್ಕೆ ಸಾಗಹಾಕಿತು. ಮುಂದೆ ಅವರು ತಂಡದಿಂದ ತಂಡಕ್ಕೆ ಅಲೆದರು. ಮೊದಲ ವರ್ಷದ ಅಂಕಗಳ ಸರಾಸರಿ ಮತ್ತೆ ಕೈಗೆ ಸಿಗಲಿಲ್ಲ.

ಸುಳಿವುಗಳು ಮೊದಲ ವರ್ಷದಲ್ಲೇ ಇದ್ದವು. ದೂರದ ಗೆರೆಯಾಚೆಯಿಂದ ಹೊಡೆಯುವ ಮೂರು ಅಂಕದ ಹೊಡೆತಗಳಲ್ಲಿ ಅವರಿಗೆ ಸಿಕ್ಕ ಯಶಸ್ಸು ಶೇ 26ರಷ್ಟು. ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋದಲ್ಲಿ ಶೇ 70ರ ಆಸುಪಾಸು. ಪಂದ್ಯವೊಂದಕ್ಕೆ ಮೂರೂವರೆ ಸಲ ಚೆಂಡು ಕಳೆದುಕೊಳ್ಳುತ್ತಿದ್ದರು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸಲಿಲ್ಲ. ಆ ಋತುವಿನಲ್ಲಿ ಫಿಲಡೆಲ್ಫಿಯ 82ರಲ್ಲಿ 63 ಪಂದ್ಯ ಸೋತಿತ್ತು. ಸೋಲುವ ತಂಡದಲ್ಲಿ ಚೆಂಡು ಯಾರಾದರೊಬ್ಬರ ಕೈಯಲ್ಲಿ ಇರಲೇಬೇಕು, ಅಂಕವನ್ನೂ ಯಾರಾದರೊಬ್ಬರು ಗಳಿಸಲೇಬೇಕು. ದುರ್ಬಲ ತಂಡದ ಹೊಸ ಗಾರ್ಡ್‌ಗೆ ಆಡುವ ನಿಮಿಷ ಹೆಚ್ಚು, ಹೊಡೆಯುವ ಅವಕಾಶ ಹೆಚ್ಚು, ತಪ್ಪಿದರೆ ಬೆಂಚಿಗೆ ಕರೆಯುವವರು ಕಡಿಮೆ. ಅಂಕಪಟ್ಟಿ ತಾನಾಗಿಯೇ ಉಬ್ಬುತ್ತದೆ.

ತಾಲ್ಲೂಕು ಮಟ್ಟದ ಪಂದ್ಯಗಳಲ್ಲೂ ಇದೇ ನಡೆಯುತ್ತದೆ. ಐವರಲ್ಲಿ ಒಬ್ಬನಿಗೆ ಮಾತ್ರ ಡ್ರಿಬಲ್ ಬರುವ ಶಾಲಾ ತಂಡದಲ್ಲಿ ಆ ಒಬ್ಬ 30 ಅಂಕದಲ್ಲಿ 24 ಅಂಕ ಗಳಿಸಿ ಊರಿನ ಹೀರೊ ಆಗುತ್ತಾನೆ. ಎಷ್ಟು ಹೊಡೆತಕ್ಕೆ 24 ಎಂದು ಕೇಳಿದರೆ ಹೇಳುವವರಿರುವುದಿಲ್ಲ. ಹದಿನೈದು ಹೊಡೆತಕ್ಕೆ 24 ಆದರೆ ಅದೊಂದು ಬಗೆಯ ಆಟಗಾರ, ನಲವತ್ತು ಹೊಡೆತಕ್ಕೆ ಆದರೆ ಇನ್ನೊಂದು ಬಗೆ. ಈ ಎರಡನೆಯವನು ಮೇಲಿನ ಮಟ್ಟಕ್ಕೆ ಹೋದಾಗ ಅವನಿಗೆ ಹತ್ತೇ ಹೊಡೆತದ ಅವಕಾಶ ಸಿಗುತ್ತದೆ. ಅಂಕ ಆರಕ್ಕೆ ಇಳಿಯುತ್ತದೆ. ‘ದೊಡ್ಡ ಪಂದ್ಯದಲ್ಲಿ ಹೆದರುತ್ತಾನೆ’ ಎಂಬ ಹಣೆಪಟ್ಟಿ ಅಲ್ಲಿಗೆ ಖಾಯಂ.

2009–10ರ ಋತುವಿನಲ್ಲಿ ಇಬ್ಬರು ಹೊಸ ಗಾರ್ಡ್‌ಗಳ ನಡುವೆ ಪೈಪೋಟಿ ಇತ್ತು. ಸ್ಯಾಕ್ರಮೆಂಟೊದ ಟೈರೀಕ್ ಎವಾನ್ಸ್ ಸರಾಸರಿ 20.1 ಅಂಕ, 5.8 ಅಸಿಸ್ಟ್, 5.3 ರೀಬೌಂಡ್ ಗಳಿಸಿ ಅತ್ಯುತ್ತಮ ರೂಕಿ ಎನಿಸಿಕೊಂಡರು. ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರಿ 17.5 ಅಂಕ, 5.9 ಅಸಿಸ್ಟ್‌ಗಳೊಂದಿಗೆ ಎರಡನೆಯವರಾದರು. ಎವಾನ್ಸ್ ದಪ್ಪ ಭುಜದ, ನುಗ್ಗಿ ಹೊಡೆಯುವ ಆಟಗಾರ, ಕರಿ ಸಣಕಲು. ಆದರೆ ಎವಾನ್ಸ್ ಮೂರು ಅಂಕದ ಗೆರೆಯಿಂದ ಶೇ 25ರಷ್ಟು ಯಶಸ್ಸು ಕಂಡರೆ ಕರಿ ಕಂಡದ್ದು ಶೇ 43.7. ಫ್ರೀ ಥ್ರೋದಲ್ಲಿ ಕರಿ ಶೇ 88 ದಾಟಿದ್ದರು. ಎವಾನ್ಸ್ ಆಟ ನಿಂತಿದ್ದದ್ದು ದೇಹಬಲದ ಮೇಲೆ. ಮೊದಲ ವರ್ಷದ ನಂತರ ಅವರ ಸರಾಸರಿ ಮತ್ತೆಂದೂ 20 ಮುಟ್ಟಲಿಲ್ಲ. ಕರಿಯ ಆಟ ನಿಂತಿದ್ದದ್ದು ಕೈಚಳಕದ ಮೇಲೆ. ಅವರು 2015 ಮತ್ತು 2016ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ನಡುವೆ ಒಂದು ವಿಚಿತ್ರ ಘಟ್ಟವೂ ಇದೆ. 2011–12ರಲ್ಲಿ ಪಾದದ ಕೀಲಿನ ಗಾಯದಿಂದ ಕರಿ 26 ಪಂದ್ಯ ಮಾತ್ರ ಆಡಿದ್ದರು. ಆಗ ಅವರ ಭವಿಷ್ಯದ ಬಗ್ಗೆ ಅನುಮಾನಪಟ್ಟವರು ದಡ್ಡರೇನಲ್ಲ. ಗಾಯವನ್ನು ಮುಂಚಿತವಾಗಿ ಊಹಿಸುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ.

ಸ್ಟೀವ್ ನ್ಯಾಶ್ ಅವರ ಕಥೆ ಉಲ್ಟಾ. 1996ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, 15ನೆಯವರಾಗಿ ಆಯ್ಕೆಯಾದ ನ್ಯಾಶ್ ಮೊದಲ ವರ್ಷ ಪಂದ್ಯಕ್ಕೆ ಸುಮಾರು ಹತ್ತು ನಿಮಿಷ ಆಡಿ 3.3 ಅಂಕ ಗಳಿಸಿದರು. ಫೀನಿಕ್ಸ್ ತಂಡದಲ್ಲಿ ಅವರಿಗಿಂತ ಹೆಸರಾದ ಗಾರ್ಡ್‌ಗಳಿದ್ದರು. ಸರಾಸರಿಯನ್ನಷ್ಟೇ ನೋಡಿದವರಿಗೆ ಅವರು ಲೆಕ್ಕಕ್ಕಿಲ್ಲದ ಬದಲಿ ಆಟಗಾರ. ಆದರೆ ಸಿಕ್ಕ ಆ ಕೆಲವೇ ನಿಮಿಷಗಳಲ್ಲಿ ಮೂರು ಅಂಕದ ಹೊಡೆತಗಳಲ್ಲಿ ಅವರ ಯಶಸ್ಸು ಶೇ 41.8, ಫ್ರೀ ಥ್ರೋದಲ್ಲಿ ಶೇ 82. ನಿಮಿಷ ಕಡಿಮೆ ಇತ್ತೇ ಹೊರತು ಕಸುಬು ಕಡಿಮೆ ಇರಲಿಲ್ಲ. 2005 ಮತ್ತು 2006ರಲ್ಲಿ ನ್ಯಾಶ್ ಸತತ ಎರಡು ಬಾರಿ ಅತ್ಯಮೂಲ್ಯ ಆಟಗಾರರಾದರು. ಆಗ ಅವರ ವಯಸ್ಸು ಮೂವತ್ತು ದಾಟಿತ್ತು.

ಎಷ್ಟು ಹೊಡೆತ ನೋಡಿದರೆ ಸಾಕು

ಹೊಸ ಆಟಗಾರನ ಬಗ್ಗೆ ತೀರ್ಪು ಕೊಡುವವರು ಮೊದಲು ಕಲಿಯಬೇಕಾದದ್ದು ಸ್ವಲ್ಪ ಗಣಿತ. ನಿಜವಾದ ಸಾಮರ್ಥ್ಯ ಶೇ 35 ಇರುವ ಹುಡುಗನೊಬ್ಬ ಮೂರು ಅಂಕದ ಗೆರೆಯಿಂದ 100 ಸಲ ಹೊಡೆದ ಎನ್ನೋಣ. ಬರೀ ಆಕಸ್ಮಿಕದ ಕಾರಣಕ್ಕೇ ಅವನ ಯಶಸ್ಸು 25ರಿಂದ 45ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. 25 ಬಂದರೆ ‘ಶೂಟಿಂಗ್ ಬರುವುದಿಲ್ಲ’, 45 ಬಂದರೆ ‘ಅದ್ಭುತ ಶೂಟರ್’. ಹುಡುಗ ಮಾತ್ರ ಒಬ್ಬನೇ. ಹೊಡೆತಗಳ ಸಂಖ್ಯೆ 30 ಆದರೆ ಹೊಯ್ದಾಟ ಶೇ 18ರಿಂದ 52ರವರೆಗೆ ಹಿಗ್ಗುತ್ತದೆ. 400ಕ್ಕೆ ಏರಿದರೆ 30ರಿಂದ 40ರ ನಡುವೆ ಬಂದು ಕೂರುತ್ತದೆ. ಕರಿ ತಮ್ಮ ಮೊದಲ ಋತುವಿನಲ್ಲಿ ಅಂಥ 380 ಹೊಡೆತ ಹೊಡೆದಿದ್ದರು. ಹಾಗಾಗಿ ಅವರ ಶೇ 43.7 ನಂಬಲು ಯೋಗ್ಯವಾದ ಅಂಕಿ. ಜಿಲ್ಲಾ ಮಟ್ಟದ ನಾಕೌಟ್ ಟೂರ್ನಿಯಲ್ಲಿ ಮೊದಲ ಪಂದ್ಯವೇ ಸೋತ ತಂಡದ ಹುಡುಗ ಐದಾರು ಹೊಡೆತ ಹೊಡೆದು ಮನೆಗೆ ಹೋಗುತ್ತಾನೆ. ಆ ಐದಾರರಿಂದ ಅವನ ಬಗ್ಗೆ ಏನನ್ನೂ ಹೇಳಲಾಗದು.

ಇದಕ್ಕೆ ಅಗ್ಗದ ಮದ್ದು ಫ್ರೀ ಥ್ರೋ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆ, 3.05 ಮೀಟರ್ ಎತ್ತರದ ರಿಂಗ್, ಅಡ್ಡ ನಿಲ್ಲುವವರು ಯಾರೂ ಇಲ್ಲ. ಎದುರಾಳಿ, ತಂಡ, ತಂತ್ರ ಎಲ್ಲವನ್ನೂ ಕಳೆದು ಕೈಯ ಗುಣವನ್ನಷ್ಟೇ ತೋರಿಸುವ ಹೊಡೆತ ಅದು. ಹೊಸ ಗಾರ್ಡ್ ಮುಂದೆ ದೂರದ ಶೂಟರ್ ಆಗಬಲ್ಲನೇ ಎಂಬುದಕ್ಕೆ ಮೊದಲ ವರ್ಷದ ಮೂರು ಅಂಕದ ಲೆಕ್ಕಕ್ಕಿಂತ ಫ್ರೀ ಥ್ರೋ ಲೆಕ್ಕವೇ ಎಷ್ಟೋ ಸಲ ಹೆಚ್ಚು ನಂಬಿಕೆಯ ಸಾಕ್ಷಿ. 2017ರ ಡ್ರಾಫ್ಟ್‌ನಲ್ಲಿ ಫಿಲಡೆಲ್ಫಿಯ ತಂಡ ಮೊದಲ ಸ್ಥಾನಕ್ಕೆ ಆರಿಸಿದ ಗಾರ್ಡ್ ಮಾರ್ಕೆಲ್ ಫುಲ್ಟ್ಸ್ ಕಾಲೇಜಿನಲ್ಲಿ ಸರಾಸರಿ 23 ಅಂಕ ಗಳಿಸಿದ್ದರು. ಮೂರು ಅಂಕದ ಹೊಡೆತದಲ್ಲಿ ಶೇ 41, ಫ್ರೀ ಥ್ರೋದಲ್ಲಿ ಮಾತ್ರ ಶೇ 65. ಈ ಎರಡು ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೂರನೆಯವರಾಗಿ ಬಾಸ್ಟನ್ ಸೇರಿದ ಜೇಸನ್ ಟೇಟಮ್ ಅವರದು ಇದಕ್ಕೆ ವಿರುದ್ಧ: ದೂರದ ಹೊಡೆತ ಶೇ 34, ಫ್ರೀ ಥ್ರೋ ಶೇ 85. ಟೇಟಮ್ ಲೀಗ್‌ನ ಮುಂಚೂಣಿ ಆಟಗಾರರಾದರು. ಫುಲ್ಟ್ಸ್ ಮೊದಲ ಋತುವಿನಲ್ಲಿ ಆಡಿದ್ದು 14 ಪಂದ್ಯ. ಅವರ ಭುಜದ ನರಗಳ ತೊಂದರೆ ಪತ್ತೆಯಾದದ್ದು 2018ರ ಡಿಸೆಂಬರಿನಲ್ಲಿ. ಹಾಗಾಗಿ ಎಲ್ಲ ಹೊಣೆಯನ್ನೂ ಅವರ ಕೈಚಳಕದ ಮೇಲೆ ಹಾಕುವುದು ಅನ್ಯಾಯವೇ. ಆದರೂ ಆ ಶೇ 65ರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಿತ್ತು.

ಸಣ್ಣ ಊರಿನ ತರಬೇತುದಾರರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ಪಂದ್ಯಗಳು ಸಿಗದಿದ್ದರೂ ಫ್ರೀ ಥ್ರೋಗೆ ಬರವಿಲ್ಲ. ಅಭ್ಯಾಸದ ಕೊನೆಗೆ, ಸುಸ್ತಾದ ಕಾಲಲ್ಲಿ, ದಿನಕ್ಕೆ 50ರಂತೆ ಹತ್ತು ದಿನ ಹೊಡೆಸಿ ಬರೆದಿಟ್ಟರೆ 500 ಹೊಡೆತಗಳ ಲೆಕ್ಕ ಕೈಯಲ್ಲಿರುತ್ತದೆ. ಶೇ 70 ಬಂದರೆ ನಿಜವಾದ ಸಾಮರ್ಥ್ಯ ಅದರ ಆಚೀಚೆ ನಾಲ್ಕು ಅಂಕಿಯೊಳಗೇ ಇದೆ ಎಂದು ಧೈರ್ಯವಾಗಿ ಹೇಳಬಹುದು. ಇಷ್ಟಕ್ಕೆ ಬೇಕಾದದ್ದು ಒಂದು ಚೆಂಡು, ಒಂದು ಪೆನ್ಸಿಲ್.

ಪಾಸ್, ತಪ್ಪು, ಪಾದ

ಟರ್ನೋವರ್, ಅಂದರೆ ಎದುರಾಳಿಗೆ ಚೆಂಡು ಒಪ್ಪಿಸಿಬಿಡುವ ತಪ್ಪು, ಹೊಸ ಗಾರ್ಡ್‌ನ ಮೇಲಿನ ಸಾಮಾನ್ಯ ದೂರು. ಅಸಿಸ್ಟ್‌ಗಳನ್ನು ಟರ್ನೋವರ್‌ಗಳಿಂದ ಭಾಗಿಸಿ ಬರುವ ಸಂಖ್ಯೆ ಎರಡಕ್ಕಿಂತ ಮೇಲಿದ್ದರೆ ಒಳ್ಳೆಯದು, ಒಂದರ ಹತ್ತಿರವಿದ್ದರೆ ಕೆಟ್ಟದ್ದು ಎಂಬ ಲೆಕ್ಕ ಬಳಕೆಯಲ್ಲಿದೆ. ಲೆಕ್ಕ ಸರಿಯೇ, ಆದರೆ ಒರಟು. ತಪ್ಪುಗಳಲ್ಲೂ ಜಾತಿಗಳಿವೆ. ಒತ್ತಡ ಬಂದಾಗ ಡ್ರಿಬಲ್ ಕಾಲಿಗೆ ತಾಗಿ ಹೋಗುವುದು, ತಲೆ ಬಗ್ಗಿಸಿ ಚೆಂಡನ್ನೇ ನೋಡುತ್ತ ಇಬ್ಬರು ರಕ್ಷಕರ ನಡುವೆ ಸಿಕ್ಕಿಬೀಳುವುದು, ಬದಿಗೆರೆ ತುಳಿಯುವುದು ಕೈಗೆ, ಕಣ್ಣಿಗೆ ಸಂಬಂಧಿಸಿದ ತಪ್ಪುಗಳು. ಇವು ವರ್ಷ ಕಳೆದರೂ ಕಡಿಮೆಯಾಗದಿದ್ದರೆ ಆತಂಕ ಪಡಬೇಕು. ಇನ್ನೊಂದು ಜಾತಿಯಿದೆ. ಬುಟ್ಟಿಯ ಕಡೆ ಓಡುತ್ತಿರುವ ಸಂಗಾತಿಯನ್ನು ಗಾರ್ಡ್ ನೋಡಿದ, ಪಾಸ್ ಕೊಟ್ಟ. ಸಂಗಾತಿ ಅರ್ಧ ಹೆಜ್ಜೆ ತಡ, ಚೆಂಡು ಹೊರಗೆ. ಸ್ಕೋರ್‌ಶೀಟಿನಲ್ಲಿ ಅದೂ ಗಾರ್ಡ್‌ನ ತಪ್ಪೇ. ನಿಜದಲ್ಲಿ ಅಂಕಣದಲ್ಲಿದ್ದ ಹತ್ತು ಮಂದಿಯಲ್ಲಿ ಆ ದಾರಿ ಕಂಡದ್ದು ಅವನೊಬ್ಬನಿಗೆ. ಅಂಥ ತಪ್ಪು ಮಾಡುವವನನ್ನು ಬೈದು ಕೂರಿಸಿದರೆ ಮುಂದಿನ ವಾರದಿಂದ ಅವನು ಪಕ್ಕದವನಿಗೆ ಸುರಕ್ಷಿತವಾಗಿ ಚೆಂಡು ದಾಟಿಸುವುದನ್ನಷ್ಟೇ ಕಲಿಯುತ್ತಾನೆ. ತಪ್ಪು ಕಡಿಮೆಯಾಗುತ್ತದೆ, ಆಟವೂ ಸತ್ತುಹೋಗುತ್ತದೆ.

ಗಾರ್ಡ್‌ನ ಬುದ್ಧಿಯನ್ನು ಹತ್ತಿರದಿಂದ ನೋಡಲು ಸ್ಕ್ರೀನ್ ಒಂದು ಒಳ್ಳೆಯ ಜಾಗ. ಎತ್ತರದ ಸಂಗಾತಿ ಬಂದು ಗಾರ್ಡ್‌ನ ರಕ್ಷಕನಿಗೆ ಗೋಡೆಯಾಗಿ ನಿಲ್ಲುತ್ತಾನೆ. ಗಾರ್ಡ್ ಆ ಗೋಡೆಯನ್ನು ಬಳಸಿ ತಿರುಗಬೇಕು. ಕಲಿಯದ ಹುಡುಗ ಸ್ಕ್ರೀನ್ ಕಟ್ಟುವ ಮೊದಲೇ ಓಡುತ್ತಾನೆ, ಸಂಗಾತಿಯ ಭುಜಕ್ಕೂ ತನಗೂ ಎರಡಡಿ ಅಂತರ ಬಿಡುತ್ತಾನೆ, ರಕ್ಷಕ ಆ ಸಂದಿಯಲ್ಲಿ ನುಸುಳುತ್ತಾನೆ. ಪಳಗುವ ಲಕ್ಷಣವಿರುವವನು ಒಂದು ಕ್ಷಣ ಕಾಯುತ್ತಾನೆ, ಸಂಗಾತಿಯ ಸೊಂಟ ಸವರಿಕೊಂಡು ಹೋಗುತ್ತಾನೆ, ತಿರುಗಿದ ಕೂಡಲೇ ಎರಡನೇ ರಕ್ಷಕನ ಪಾದ ನೋಡುತ್ತಾನೆ. ಆ ಪಾದ ಮುಂದೆ ಬಂದಿದ್ದರೆ ಪಾಸ್, ಹಿಂದೆ ಸರಿದಿದ್ದರೆ ಶಾಟ್. ಹದಿನೈದು ವರ್ಷದ ಹುಡುಗನೊಬ್ಬ ಹೀಗೆ ಕಾಯುವುದನ್ನು ಯಾರೂ ಹೇಳಿಕೊಡದೆ ಮಾಡಿದರೆ, ಆ ದಿನ ಅವನು ಒಂದೂ ಅಂಕ ಗಳಿಸದಿದ್ದರೂ ಹೆಸರು ಬರೆದುಕೊಳ್ಳುವುದು ಲೇಸು.

ರಕ್ಷಣೆಯ ಆಟ ಬೇಗ ಹೇಳಿ ಮುಗಿಸಬಹುದಾದ ವಿಷಯ. ಮೊಣಕಾಲು ಬಗ್ಗಿಸಿ ಪಕ್ಕಕ್ಕೆ ಸರಿಯುವ ಚುರುಕು, ಪಾದ ದಾಟಿಸದೆ ಚಲಿಸುವ ಅಭ್ಯಾಸ, ಕೈಯಿಂದ ಕೀಳುವ ಆಸೆಗೆ ಬಿದ್ದು ಫೌಲ್ ಮಾಡದಿರುವ ಸಂಯಮ ಇದ್ದರೆ ಉಳಿದದ್ದು ಬರುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಐದನೇ ಫೌಲಿಗೆ ಆಟಗಾರ ಹೊರಗೆ. ಮೊದಲ ಹತ್ತು ನಿಮಿಷದಲ್ಲೇ ಮೂರು ಫೌಲ್ ಮಾಡುವ ಗಾರ್ಡ್ ಎಷ್ಟೇ ಪ್ರತಿಭಾವಂತನಾದರೂ ತಂಡಕ್ಕೆ ಹೊರೆ.

ಎತ್ತರದ ಹುಚ್ಚು

ನಮ್ಮ ಆಯ್ಕೆ ಶಿಬಿರಗಳಲ್ಲಿ ಚೆಂಡಿಗಿಂತ ಮೊದಲು ಹೊರಬರುವುದು ಎತ್ತರ ಅಳೆಯುವ ಟೇಪು. ಸೆಂಟರ್ ಆಟಗಾರನ ಮಟ್ಟಿಗೆ ಅದಕ್ಕೆ ಅರ್ಥವಿದೆ. ಗಾರ್ಡ್‌ಗೂ ಅದೇ ಅಳತೆ ಹಿಡಿಯುವುದು ದೇಶದ ಬ್ಯಾಸ್ಕೆಟ್‌ಬಾಲ್‌ಗೆ ಆಗಿರುವ ನಷ್ಟಗಳಲ್ಲೊಂದು.

ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಫೈನಲ್‌ನಲ್ಲಿ ತನಗಿಂತ ಎತ್ತರದ ಆಟಗಾರ್ತಿಯರಿದ್ದ ಚೀನಾವನ್ನು ಜಪಾನ್ 71–68ರಿಂದ ಸೋಲಿಸಿ ಸತತ ನಾಲ್ಕನೇ ಬಾರಿ ಪ್ರಶಸ್ತಿ ಗೆದ್ದಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದ ನಾಕೊ ಮೊತೊಹಾಶಿ ನಮ್ಮ ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಎತ್ತರದವರೆಂದು ಯಾರೂ ತಿರುಗಿ ನೋಡದಂಥ ಗಾರ್ಡ್. ಅದೇ ತಂಡದ ಇನ್ನೊಬ್ಬ ಗಾರ್ಡ್ ರುಯಿ ಮಾಚಿದಾ ಅವರ ಎತ್ತರ 162 ಸೆಂಟಿಮೀಟರ್. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಅವರು 18 ಅಸಿಸ್ಟ್ ಕೊಟ್ಟು ಒಲಿಂಪಿಕ್ ದಾಖಲೆ ಬರೆದರು. ಜಪಾನ್ ಬೆಳ್ಳಿ ಗೆದ್ದಿತು. ಪುರುಷರಲ್ಲಿ 172 ಸೆಂಟಿಮೀಟರ್ ಎತ್ತರದ ಯೂಕಿ ಕವಾಮುರ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಫ್ರಾನ್ಸ್ ವಿರುದ್ಧ 29 ಅಂಕ ಗಳಿಸಿದರು, ಅದೇ ವರ್ಷ ಎನ್‌ಬಿಎಯ ಮೆಂಫಿಸ್ ತಂಡದಲ್ಲಿ ಜಾಗ ಪಡೆದರು. ಎನ್‌ಬಿಎಯಲ್ಲಿ ಬಹುಕಾಲ ಆಡಿದ ಮಗ್ಸಿ ಬೋಗ್ಸ್ ಕೇವಲ 160 ಸೆಂಟಿಮೀಟರ್. ಇವರೆಲ್ಲ ಅಪವಾದಗಳು ಎಂಬ ವಾದವಿದೆ, ಅದು ಸುಳ್ಳಲ್ಲ. ಆದರೆ ಬಾಗಿಲಲ್ಲೇ ಟೇಪು ಹಿಡಿದು ನಿಂತರೆ ಅಪವಾದಗಳು ಒಳಗೆ ಬರುವುದಾದರೂ ಹೇಗೆ?

ಎತ್ತರದ ಜೊತೆಗೆ ವಯಸ್ಸಿನ ಸಮಸ್ಯೆಯೂ ಹೆಣೆದುಕೊಂಡಿದೆ. ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಸುಮಾರು 13–14ರ ವಯಸ್ಸಿನಲ್ಲಿ; ಕೆಲವರಿಗೆ ಎರಡು ವರ್ಷ ಮುಂಚೆ, ಕೆಲವರಿಗೆ ಎರಡು ವರ್ಷ ತಡ. 14 ವರ್ಷದೊಳಗಿನವರ ಪಂದ್ಯದಲ್ಲಿ ಮೀಸೆ ಮೂಡಿದ ಹುಡುಗ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಲೇ-ಅಪ್ ಹಾಕುತ್ತಾನೆ. ತಡವಾಗಿ ಬೆಳೆಯುವವನು ತನಗೆ ಆ ದಾರಿಯಿಲ್ಲದ್ದರಿಂದ ಪಾಸ್, ಕೋನ, ಎಡಗೈ ಕಲಿಯುತ್ತಾನೆ. 18ರ ಹೊತ್ತಿಗೆ ಇಬ್ಬರ ದೇಹವೂ ಸಮನಾಗುತ್ತದೆ, ಕಲಿತದ್ದು ಮಾತ್ರ ಸಮನಾಗುವುದಿಲ್ಲ. ಅಮೆರಿಕದ ಆಂಥೊನಿ ಡೇವಿಸ್ ಪ್ರೌಢಶಾಲೆಯ ದಿನಗಳಲ್ಲಿ ಸುಮಾರು 20 ಸೆಂಟಿಮೀಟರ್ ಬೆಳೆದು, ಗಾರ್ಡ್ ಆಗಿ ಕಲಿತ ಕೈಚಳಕವನ್ನು ಉಳಿಸಿಕೊಂಡೇ ದೊಡ್ಡ ಆಟಗಾರರಾದರು. ಹುಡುಗನ ಮೊದಲ ವರ್ಷದ ಆಟ ನೋಡುವಾಗ ಅಪ್ಪ ಅಮ್ಮನ ಎತ್ತರ, ಪಾದದ ಅಳತೆ, ಧ್ವನಿ ಒಡೆದಿದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸುವ ತರಬೇತುದಾರ ಅರ್ಧ ತಪ್ಪಿನಿಂದ ಪಾರಾಗುತ್ತಾನೆ.

ಬೇಗ ಗುರುತಿಸಿ ಗೆದ್ದ ನಿದರ್ಶನಗಳೂ ಇವೆ. ಬಂಗಾರಪೇಟೆಯ ಮೂಲಕ ಹಾಯುವ ಹಳಿಯ ಇನ್ನೊಂದು ತುದಿಯಲ್ಲಿ, ಚೆನ್ನೈನಲ್ಲಿ, ಅನಿತಾ ಪಾಲ್‌ದುರೈ 19ರ ವಯಸ್ಸಿಗೇ ಭಾರತ ತಂಡದ ನಾಯಕಿಯಾದರು. ಗಾರ್ಡ್ ಆಗಿ ಸುಮಾರು 17 ವರ್ಷ ದೇಶಕ್ಕಾಗಿ ಆಡಿ 2021ರಲ್ಲಿ ಪದ್ಮಶ್ರೀ ಪಡೆದರು. ಪುರುಷರಲ್ಲಿ ವಾರಾಣಸಿಯ ಗಾರ್ಡ್ ವಿಶೇಷ್ ಭೃಗುವಂಶಿ 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಕರ್ನಾಟಕದಿಂದ ಬಾಂಧವ್ಯ ಎಚ್.ಎಂ., ನವನೀತಾ ಪಿ.ಯು. ಅವರಂಥವರು ಭಾರತದ ಪೋಷಾಕು ತೊಟ್ಟಿದ್ದಾರೆ. ಹಾಗಾಗಿ ದಾರಿಯೇ ಇಲ್ಲ ಎಂದು ಹೇಳುವಂತಿಲ್ಲ. ಇರುವ ದಾರಿಗೆ ಯಾರು ಯಾವ ಆಧಾರದ ಮೇಲೆ ಹತ್ತುತ್ತಾರೆ ಎಂಬುದಷ್ಟೇ ಪ್ರಶ್ನೆ.

ಮಾರಿಕುಪ್ಪಂನಿಂದ ಕಂಠೀರವಕ್ಕೆ

2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಬದುಕು ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದ ಜನ ಬಂಗಾರಪೇಟೆ ಹಾದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಗಣಿ ಕಂಪನಿಗಳ ಕಾಲದಲ್ಲಿ ಕ್ಲಬ್ಬು, ಮೈದಾನ, ಕೂಲಿ ಲೈನಿನ ತಂಡಗಳಿಂದ ಬೆಳೆದ ಆಟದ ಹುಚ್ಚು ಇನ್ನೂ ಆರಿಲ್ಲ. ಆದರೆ ಗಂಭೀರವಾಗಿ ಬ್ಯಾಸ್ಕೆಟ್‌ಬಾಲ್ ಆಡಬಯಸುವ ಹುಡುಗನೂ ಅದೇ ರೈಲು ಹಿಡಿಯಬೇಕು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ನಿಂತುಕೊಂಡು ಬಂದ ಕಾಲಲ್ಲಿ ಸಂಜೆಯ ಅಭ್ಯಾಸ ಪಂದ್ಯ ಆಡುವವನ ಜಂಪ್ ಶಾಟ್ ಕೊನೆಯ ಹತ್ತು ನಿಮಿಷದಲ್ಲಿ ರಿಂಗಿನ ಮುಂಭಾಗಕ್ಕೆ ಬಡಿಯತೊಡಗುತ್ತದೆ. ಆಯ್ಕೆಗಾರನ ಪುಸ್ತಕದಲ್ಲಿ ಅದು ‘ದಮ್ ಇಲ್ಲ’ ಎಂದಾಗುತ್ತದೆ.

ಅಂಕಣದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಯಲು ಸಿಮೆಂಟ್ ಅಂಕಣದಲ್ಲಿ ಗಾಳಿ ಎದ್ದರೆ ದೂರದ ಹೊಡೆತ ನಂಬುವಂತಿಲ್ಲ. ಕೆಜಿಎಫ್‌ನಲ್ಲಂತೂ ಗಾಳಿಯ ದಿನಗಳಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ದೂಳೂ ಜೊತೆಗೂಡುತ್ತದೆ. ಅಲ್ಲಿ ಬೆಳೆದ ಗಾರ್ಡ್ ಸಹಜವಾಗಿಯೇ ಒಳನುಗ್ಗುವುದನ್ನು, ಬೋರ್ಡಿಗೆ ತಾಗಿಸಿ ಹಾಕುವುದನ್ನು ಹೆಚ್ಚು ಕಲಿಯುತ್ತಾನೆ. ಮೂರು ಅಂಕದ ಗೆರೆ 2010ರಲ್ಲಿ 6.25 ಮೀಟರಿನಿಂದ 6.75ಕ್ಕೆ ಸರಿಯಿತು, ಹಳೆಯ ಗೆರೆಯಲ್ಲೇ ಆಡಿ ಬಂದವನಿಗೆ ಹೊಸ ಗೆರೆ ಅರ್ಧ ಮೀಟರ್ ದೂರ. ರಬ್ಬರ್ ಚೆಂಡು ಪುಟಿಯುವ ರೀತಿಯೇ ಬೇರೆ, ಮರದ ನೆಲದ ಮೇಲೆ ಪಂದ್ಯದ ಚೆಂಡು ಪುಟಿಯುವ ರೀತಿಯೇ ಬೇರೆ. ಕಂಠೀರವದ ನೆಲಕ್ಕೆ ಮೊದಲ ಸಲ ಕಾಲಿಟ್ಟ ಹುಡುಗ ಎರಡು ದಿನದ ಆಯ್ಕೆ ಶಿಬಿರದಲ್ಲಿ ಎಡವಿದರೆ ಆ ಎಡವಿಕೆಯಲ್ಲಿ ಅವನ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ಮೊದಲ ದಿನಕ್ಕಿಂತ ಎರಡನೇ ದಿನ, ಮೊದಲ ತಿಂಗಳಿಗಿಂತ ಆರನೇ ತಿಂಗಳು ಎಷ್ಟು ಸುಧಾರಿಸಿದ ಎಂಬುದು ಅವನು ಎಲ್ಲಿ ನಿಂತಿದ್ದಾನೆ ಎಂಬುದಕ್ಕಿಂತ ಮುಖ್ಯ.

ಹಾಗಾದರೆ ಎಷ್ಟು ಕಾಯಬೇಕು? ಇದಕ್ಕೆ ಕೆಜಿಎಫ್‌ನ ಚರಿತ್ರೆಯಲ್ಲೇ ಒಂದು ಹೋಲಿಕೆ ಇದೆ. 1880ರಲ್ಲಿ ಶುರುವಾದ ಮೈಸೂರು ಮೈನ್ ಕಂಪನಿಗೆ ಮೂರು ವರ್ಷ ಅಗೆದರೂ ಹೇಳಿಕೊಳ್ಳುವಂಥ ಚಿನ್ನ ಸಿಗಲಿಲ್ಲ. 1883ರ ಹೊತ್ತಿಗೆ ಬಂಡವಾಳ ಕರಗಿತ್ತು, ಷೇರುದಾರರು ಬಾಗಿಲು ಹಾಕುವ ಮಾತಾಡುತ್ತಿದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ಸಂಸ್ಥೆ ಉಳಿದ ಹಣದಲ್ಲಿ ಇನ್ನೊಂದು ಪ್ರಯತ್ನಕ್ಕೆ ಅವರನ್ನು ಒಪ್ಪಿಸಿ ಕ್ಯಾಪ್ಟನ್ ಪ್ಲಮ್ಮರ್ ಅವರನ್ನು ಕಳಿಸಿತು. ಪ್ಲಮ್ಮರ್ ಹಿಂದಿನ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಇಳಿದರು. ಸಿಕ್ಕಿದ್ದು ಚಾಂಪಿಯನ್ ಲೋಡ್ ಎಂಬ ಚಿನ್ನದ ಪದರ. ಆಮೇಲಿನ ನೂರಿಪ್ಪತ್ತು ವರ್ಷಗಳಲ್ಲಿ ಈ ಗಣಿಗಳಿಂದ 800 ಟನ್‌ಗೂ ಹೆಚ್ಚು ಚಿನ್ನ ಹೊರಬಂತು. ಪ್ಲಮ್ಮರ್ ಸುಮ್ಮನೆ ತಾಳ್ಮೆಯಿಂದ ಕೂತವರಲ್ಲ. ಹಿಂದಿನವರು ಅಷ್ಟು ಆಳ ತೋಡಿದ್ದರೆಂದರೆ ಕೆಳಗೆ ಏನೋ ಇರಬೇಕು ಎಂಬ ಕುರುಹಿನ ಮೇಲೆ ಹಣ ಹೂಡಿದವರು. ಗಾರ್ಡ್‌ನ ವಿಷಯದಲ್ಲೂ ಕಾಯುವುದಕ್ಕೆ ಕುರುಹು ಬೇಕು. ಫ್ರೀ ಥ್ರೋ ಶುದ್ಧವಾಗಿದೆ, ಕಣ್ಣು ಮೇಲಿದೆ, ಪಾಸ್‌ನಲ್ಲಿ ದೂರದೃಷ್ಟಿ ಇದೆ, ಆರು ತಿಂಗಳಲ್ಲಿ ಸುಧಾರಣೆ ಇದೆ ಎಂದಾದರೆ ಪಂದ್ಯಕ್ಕೆ ಬರೀ ಮೂರು ಅಂಕ ಗಳಿಸುತ್ತಿದ್ದರೂ ಎರಡು ಋತು ಕಾಯಬಹುದು. ಇವು ಯಾವುವೂ ಇಲ್ಲದೆ ಇಪ್ಪತ್ತು ಅಂಕವಿದ್ದರೂ ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ.

ಕುರುಹು ಇದ್ದೂ ಕಾಯದವರು ತೆತ್ತ ದಂಡಕ್ಕೆ ಚೌನ್ಸಿ ಬಿಲಪ್ಸ್ ಸಾಕ್ಷಿ. 1997ರಲ್ಲಿ ಮೂರನೆಯವರಾಗಿ ಆರಿಸಿದ ಈ ಗಾರ್ಡ್‌ನನ್ನು ಬಾಸ್ಟನ್ 51 ಪಂದ್ಯ ಆಡಿಸಿ, ಮೊದಲ ಋತುವಿನ ನಡುವೆಯೇ ಬಿಟ್ಟುಕೊಟ್ಟಿತು. ನಾಲ್ಕಾರು ಊರು ಸುತ್ತಿ ಡೆಟ್ರಾಯಿಟ್ ಸೇರಿದ ಬಿಲಪ್ಸ್ 2004ರಲ್ಲಿ ಆ ತಂಡಕ್ಕೆ ಚಾಂಪಿಯನ್ ಪಟ್ಟ ತಂದುಕೊಟ್ಟು ಫೈನಲ್ ಸರಣಿಯ ಶ್ರೇಷ್ಠ ಆಟಗಾರರಾದರು.

ಎನ್‌ಬಿಎಯಲ್ಲಿ ಒಂದು ತಂಡ ಕೈಬಿಟ್ಟರೆ ಇನ್ನೊಂದು ಎತ್ತಿಕೊಳ್ಳುತ್ತದೆ, ಏಕೆಂದರೆ ಆಟಗಾರನ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಕೋಲಾರ ಜಿಲ್ಲೆಯ ಹುಡುಗನಿಗೆ ಎರಡನೇ ಬಾಗಿಲು ತೆರೆಯುವುದು ಅಪರೂಪ. ಅವನ ಕೈಯಲ್ಲಿರುವುದು ಪ್ರಮಾಣಪತ್ರಗಳೇ ಹೊರತು ಲೆಕ್ಕವಲ್ಲ. ಬಂಗಾರಪೇಟೆ, ಕೆಜಿಎಫ್ ಎರಡೂ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರು ಈ ಋತುವಿನಿಂದಲೇ ತಮ್ಮ ಗಾರ್ಡ್‌ಗಳಿಗೆ ಒಂದೊಂದು ನೋಟ್‌ಪುಸ್ತಕ ತೆರೆಯಲಿ: ಆಡಿದ ನಿಮಿಷ, ಹೊಡೆದದ್ದೆಷ್ಟು, ಬಿದ್ದದ್ದೆಷ್ಟು, ಫ್ರೀ ಥ್ರೋ, ಅಸಿಸ್ಟ್, ಯಾವ ಬಗೆಯ ತಪ್ಪು, ವರ್ಷಕ್ಕೆರಡು ಸಲ ಎತ್ತರ. ಬೆಂಗಳೂರಿನ ಆಯ್ಕೆಗಾರರು ಟೇಪು ಬಿಚ್ಚುವ ಮೊದಲು ಆ ಪುಸ್ತಕ ಕೇಳಲಿ.